ಅಮ್ಮನ ಹಲ್ಲಿನ ಚಿಕಿತ್ಸೆಗೆ 86,000 ರೂಪಾಯಿ ಅಂದಾಜು ಕೊಟ್ಟಿದ್ದಾರೆ: ಖರ್ಚು ತಗ್ಗಿಸುವ ದಾರಿ ಇದೆಯೇ?

ಗುತ್ತಲು ರಸ್ತೆ, ಮಂಡ್ಯ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 58 ವರ್ಷ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಊಟವಾದ ಮೇಲೆ ಎಲೆ ಅಡಿಕೆಯೊಂದಿಗೆ ಕಡ್ಡಿಪುಡಿ (ತಂಬಾಕು) ಹಾಕಿಕೊಳ್ಳುವ ಅಭ್ಯಾಸ ಅದಕ್ಕಿಂತಲೂ ಹಳೆಯದು. ಕಳೆದ ತಿಂಗಳು ಕೆಳಗಿನ ಎಡ ದವಡೆಯಲ್ಲಿ ರಾತ್ರಿಯಿಡೀ ಮಲಗಲಾರದಷ್ಟು ನೋವು ಬಂದುದರಿಂದ ಮಂಡ್ಯದಲ್ಲೇ ಒಂದು ಖಾಸಗಿ ದಂತ ಚಿಕಿತ್ಸಾಲಯದಲ್ಲಿ ತೋರಿಸಿದೆವು. ಆ ಭಾಗದಲ್ಲಿ ಒಂದು ದವಡೆ ಹಲ್ಲನ್ನು ಬಹಳ ಹಿಂದೆಯೇ ಕೀಳಿಸಿದ್ದರು. ಈಗ ಆ ಖಾಲಿ ಜಾಗದ ಮುಂದಿನ ಹಲ್ಲು ಮತ್ತು ಹಿಂದಿನ ಹಲ್ಲು ಎರಡೂ ಬೇರಿನವರೆಗೆ ಹುಳುಕಾಗಿವೆ ಎಂದು ವೈದ್ಯರು ಎಕ್ಸ್‌ರೇ ತೋರಿಸಿ ಹೇಳಿದರು.

ಅವರು ಬರೆದುಕೊಟ್ಟ ಅಂದಾಜು ಹೀಗಿದೆ. ಎರಡು ಹಲ್ಲುಗಳ ರೂಟ್ ಕೆನಾಲ್‌ಗೆ ತಲಾ 6,000, ಅವುಗಳ ಮೇಲೆ ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಪಿಂಗಾಣಿಯಂಥ ವಸ್ತು) ಕ್ಯಾಪ್‌ಗೆ ತಲಾ 12,000, ನಡುವಿನ ಖಾಲಿ ಜಾಗಕ್ಕೆ ಇಂಪ್ಲಾಂಟ್ (ದವಡೆ ಮೂಳೆಯಲ್ಲಿ ಕೂರಿಸುವ ಕೃತಕ ಬೇರು) ಮತ್ತು ಅದರ ಹಲ್ಲಿಗೆ 42,000, ಒಸಡಿನ ಚಿಕಿತ್ಸೆಗೆ 8,000. ಒಟ್ಟು 86,000 ರೂಪಾಯಿ. ವೈದ್ಯರು ಸಮಾಧಾನದಿಂದಲೇ ವಿವರಿಸಿದರು, ಅವರ ಮೇಲೆ ನನ್ನದೇನೂ ದೂರಿಲ್ಲ. ಆದರೆ ನಾನು ಖಾಸಗಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ; ಸಂಬಳ ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ಬರುವುದಿಲ್ಲ ಎಂಬುದು ನಮ್ಮ ಆಡಳಿತ ಮಂಡಳಿಗೂ ತಿಳಿದಿರಲಾರದು. ತಮ್ಮ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ, ಅವನ ಸಂಬಳ 20,000 ದಾಟುವುದಿಲ್ಲ. ನಮ್ಮದು ಬಿಪಿಎಲ್ ಕಾರ್ಡು.

ಚಿಕಿತ್ಸಾಲಯದವರು 12 ತಿಂಗಳ ಬಡ್ಡಿಯಿಲ್ಲದ ಕಂತಿನ ವ್ಯವಸ್ಥೆ ಇದೆ ಎನ್ನುತ್ತಿದ್ದಾರೆ. ಅಮ್ಮ ಮಾತ್ರ ಬಳೆ ಅಡವಿಟ್ಟು ಹಲ್ಲು ಉಳಿಸಿಕೊಳ್ಳುವುದಕ್ಕಿಂತ ಎರಡನ್ನೂ ಕೀಳಿಸಿಬಿಡುವುದೇ ಮೇಲು ಎಂದು ಹಟ ಹಿಡಿದಿದ್ದಾರೆ. ಸರ್ಕಾರದ ಯಾವುದಾದರೂ ಯೋಜನೆ, ವಿಮೆ ಅಥವಾ ಕಡಿಮೆ ದರದ ಆಸ್ಪತ್ರೆಯಿಂದ ಈ ಹೊರೆ ಇಳಿಯಬಹುದೇ? ಮಂಡ್ಯ, ಮೈಸೂರು ಎರಡೂ ಕಡೆ ಓಡಾಡಲು ಸಿದ್ಧರಿದ್ದೇವೆ. ತಿಳಿದವರು ದಯವಿಟ್ಟು ಮಾರ್ಗದರ್ಶನ ನೀಡಬೇಕು.

ಕೆ.ಆರ್. ಪೇಟೆ ರೈತ

ನಿಮ್ಮ ತಾಯಿ ಹೇಳುವುದರಲ್ಲಿ ತಪ್ಪೇನೂ ನನಗೆ ಕಾಣುತ್ತಿಲ್ಲ. ನಮ್ಮ ತಂದೆಯವರು ನೋವು ಬಂದ ಹಲ್ಲನ್ನೆಲ್ಲ ಒಂದೊಂದಾಗಿ ಕೀಳಿಸಿ, ಈಗ ಬೋಳು ಬಾಯಿಯಲ್ಲೇ ಎರಡು ಹೊತ್ತು ಮುದ್ದೆ ಉಣ್ಣುತ್ತಾರೆ. ಮುದ್ದೆಯನ್ನು ನುಂಗುವ ಸೀಮೆಯವರಿಗೆ ಒಂದು ದವಡೆ ಹಲ್ಲಿಗೆ 42,000 ರೂಪಾಯಿ ಸುರಿಯಿರಿ ಎಂದರೆ ಅದು ಎಲ್ಲಿಯ ನ್ಯಾಯ? ಹಲ್ಲು ಕೀಳಿಸುವುದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಚ್ಚೇನೂ ಖರ್ಚಾಗುವುದಿಲ್ಲ.

ದಂತವೈದ್ಯೆ, ಮೈಸೂರು

ನಾನು ಮೈಸೂರಿನಲ್ಲಿ ದಂತವೈದ್ಯೆ. ಬಾಯಿಯನ್ನು ಕಣ್ಣಾರೆ ನೋಡದೆ, ಎಕ್ಸ್‌ರೇ ಕೈಯಲ್ಲಿಲ್ಲದೆ ಇಂಥದ್ದೇ ಮಾಡಿಸಿ ಎಂದು ಹೇಳುವುದು ಸಲ್ಲದು. ಆದ್ದರಿಂದ ಮುಂದಿನ ಮಾತುಗಳನ್ನು ನಿಮ್ಮ ವೈದ್ಯರ ಎದುರು ಇಡಬೇಕಾದ ಪ್ರಶ್ನೆಗಳೆಂದು ಓದಿಕೊಳ್ಳಿ. ಹಣ ಎಲ್ಲಿಂದ ತರುವುದು ಎಂದು ಯೋಚಿಸುವ ಮೊದಲು, ಆ 86,000 ರೂಪಾಯಿಯಲ್ಲಿ ಈಗಲೇ ಬೇಕಾದದ್ದು ಎಷ್ಟು, ತಡವಾದರೂ ನಡೆಯುವುದು ಎಷ್ಟು, ಬೇರೆ ರೀತಿಯಲ್ಲಿ ಮಾಡಬಹುದಾದದ್ದು ಎಷ್ಟು ಎಂದು ಬಿಡಿಸಿ ನೋಡುವುದು ಒಳ್ಳೆಯದು.

ಈಗಲೇ ಆಗಬೇಕಾದದ್ದು ಸೋಂಕನ್ನು ತೆಗೆಯುವ ಕೆಲಸ, ಅಂದರೆ ಎರಡು ರೂಟ್ ಕೆನಾಲ್. ಇದರಲ್ಲಿ ವಸ್ತುಗಳ ಬೆಲೆಗಿಂತ ವೈದ್ಯರ ಸಮಯದ ಬೆಲೆಯೇ ದೊಡ್ಡದು. ಬೇರಿನೊಳಗಿನ ಕೂದಲೆಳೆಯಂತಹ ನಾಳಗಳನ್ನು ಒಂದೊಂದಾಗಿ ಹುಡುಕಿ, ತೊಳೆದು, ತುದಿಯವರೆಗೆ ತುಂಬಬೇಕು. ಅದಕ್ಕೆ ಬಳಸುವ ಸಣ್ಣ ಅರಗಳು ಕೆಲವೇ ಬಾರಿಯ ಬಳಕೆಗೆ ಸವೆದು, ಮುರಿಯುವ ಭಯವಿರುವುದರಿಂದ ಎಸೆಯಬೇಕಾಗುತ್ತದೆ. ಹಿಂದಿನ ದೊಡ್ಡ ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ನಾಳಗಳಿರುತ್ತವೆ, ಆದರೆ ಖಾಲಿ ಜಾಗದ ಮುಂದಿರುವ ಚಿಕ್ಕ ದವಡೆ ಹಲ್ಲಿನಲ್ಲಿ ಹೆಚ್ಚಿನವರಿಗೆ ಒಂದೇ ನಾಳ. ಎರಡಕ್ಕೂ ಒಂದೇ ದರ ಹಾಕಿದ್ದಾರೆಂದಾದರೆ, ಮುಂದಿನದಕ್ಕೆ ಸ್ವಲ್ಪ ಕಡಿಮೆ ಮಾಡಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಕ್ಯಾಪ್. ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದೆ ಬಿಟ್ಟರೆ ಅಗಿಯುವಾಗ ಸೀಳುವ ಸಂಭವ ಹೆಚ್ಚು, ಹಾಗೆ ಸೀಳಿದರೆ ಮೊದಲಿನ ಖರ್ಚೂ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಆದರೆ ಕ್ಯಾಪ್ ಬೇಕೆನ್ನುವುದು ಬೇರೆ, ಜಿರ್ಕೋನಿಯಾವೇ ಬೇಕೆನ್ನುವುದು ಬೇರೆ. ನಕ್ಕಾಗಲೂ ಕಾಣದ ಹಿಂದಿನ ಹಲ್ಲಿಗೆ ಪೂರ್ಣ ಲೋಹದ ಕ್ಯಾಪ್ ಗಟ್ಟಿಯಾದದ್ದು, ಅದಕ್ಕಾಗಿ ಹಲ್ಲನ್ನು ತೇಯಬೇಕಾದದ್ದೂ ಕಡಿಮೆ, ಬೆಲೆಯೂ ಕಡಿಮೆ. ಬಣ್ಣ ಹೊಂದಬೇಕೆಂದಾದರೆ ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ಯಾಪ್ ಬಹುಕಾಲದಿಂದ ಬಳಕೆಯಲ್ಲಿದೆ. ಜಿರ್ಕೋನಿಯಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನನ್ನ ಕ್ಲಿನಿಕ್ಕಿನಲ್ಲೂ ಹಾಕುತ್ತೇನೆ. ಆದರೆ ಅದರೊಂದಿಗೆ ಕೊಡುವ ವಾರಂಟಿ ಕಾರ್ಡು ಕ್ಯಾಪ್ ಒಡೆಯುವುದಕ್ಕೆ ಸಂಬಂಧಿಸಿದ್ದೇ ಹೊರತು, ಅದರಡಿಯ ಹಲ್ಲು ಮತ್ತೆ ಹುಳುಕಾಗುವುದಕ್ಕೆ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಖಾಲಿ ಜಾಗ. ಅದರ ಎರಡೂ ಬದಿಯ ಹಲ್ಲುಗಳಿಗೆ ಹೇಗೂ ಕ್ಯಾಪ್ ಬೇಕಾಗಿರುವಾಗ, ಆ ಎರಡು ಕ್ಯಾಪ್‌ಗಳ ನಡುವೆ ಇನ್ನೊಂದು ಹಲ್ಲನ್ನು ಸೇರಿಸಿ ಮೂರು ಹಲ್ಲಿನ ಬ್ರಿಡ್ಜ್ ಕಟ್ಟಿಸಬಹುದೇ ಎಂದು ಕೇಳಿ. ಗಟ್ಟಿಮುಟ್ಟಾದ ಹಲ್ಲುಗಳನ್ನು ಬ್ರಿಡ್ಜಿಗಾಗಿ ತೇಯಬೇಕಾದಾಗ ಇಂಪ್ಲಾಂಟ್ ಮೇಲು ಎಂಬ ವಾದಕ್ಕೆ ತೂಕವಿದೆ. ಹೇಗೂ ತೇಯಲೇಬೇಕಾದ ಹಲ್ಲುಗಳ ವಿಷಯದಲ್ಲಿ ಆ ತೂಕ ತಗ್ಗುತ್ತದೆ. ನಿಮಗೆ ಕೊಟ್ಟ ಜಿರ್ಕೋನಿಯಾ ದರದಲ್ಲೇ ಲೆಕ್ಕ ಹಾಕಿದರೂ ಎರಡು ಕ್ಯಾಪ್ ಮತ್ತು ಇಂಪ್ಲಾಂಟಿನ 66,000 ರೂಪಾಯಿಯ ಜಾಗದಲ್ಲಿ ಮೂರು ಘಟಕಗಳ 36,000 ರೂಪಾಯಿ ಬರುತ್ತದೆ, ಲೋಹ ಮತ್ತು ಪಿಂಗಾಣಿಯದಾದರೆ ಇನ್ನೂ ಇಳಿಯುತ್ತದೆ. ನಿಮ್ಮ ವೈದ್ಯರು ಇಂಪ್ಲಾಂಟ್ ಸೂಚಿಸಲು ಕಾರಣವೂ ಇದ್ದೀತು: ಬ್ರಿಡ್ಜಿನ ಒಂದು ಕಾಲು ಕೆಟ್ಟರೆ ಇಡೀ ಬ್ರಿಡ್ಜ್ ಹೋಗುತ್ತದೆ, ಒಸಡು ಸಡಿಲವಿರುವ ಹಲ್ಲಿನ ಮೇಲೆ ಭಾರ ಹೊರಿಸಲಾಗದು, ಹಿಂದಿನ ಹಲ್ಲು ಖಾಲಿ ಜಾಗದ ಕಡೆಗೆ ವಾಲಿದ್ದರೂ ತೊಡಕು. ಇದನ್ನು ಎಕ್ಸ್‌ರೇ ನೋಡಿದವರೇ ಹೇಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದೆ, ಜೊತೆಗೆ ಕಡ್ಡಿಪುಡಿಯೂ ಇದ್ದರೆ ಇಂಪ್ಲಾಂಟ್ ಮೂಳೆಗೆ ಕಚ್ಚಿಕೊಳ್ಳದೆ ಸಡಿಲವಾಗುವ ಅಪಾಯ ಹೆಚ್ಚು. ಅದಕ್ಕೆ ಮೊದಲು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಯಾರಾದರೂ ಕೇಳಿದ್ದಾರೆಯೇ ಎಂದು ನೋಡಿ. ಮೇಲಿನ ಸಾಲಿನ ಎದುರು ಹಲ್ಲು ಕೆಳಗಿಳಿದಿಲ್ಲ, ಅಗಿಯಲು ಬಲಭಾಗ ಚೆನ್ನಾಗಿದೆ ಎಂದಾದರೆ ಆ ಜಾಗವನ್ನು ಹಾಗೆಯೇ ಬಿಡುವುದೂ ವೈದ್ಯಕೀಯವಾಗಿ ಒಪ್ಪಿತವಾದ ತೀರ್ಮಾನವೇ.

ಒಸಡಿನ 8,000 ರೂಪಾಯಿ ಯಾವುದಕ್ಕೆಂದು ವಿವರ ಕೇಳಿ. ಮೊದಲು ಹಲ್ಲಿನ ಮೇಲೂ ಒಸಡಿನ ಕೆಳಗೂ ಕಟ್ಟಿರುವ ಕಲ್ಲನ್ನು ತೆಗೆದು ಆಳವಾಗಿ ಸ್ವಚ್ಛಗೊಳಿಸಿ, ಆರೆಂಟು ವಾರಗಳ ನಂತರ ಮತ್ತೆ ಅಳೆದು ನೋಡಿ, ಆಗಲೂ ಹಲ್ಲಿಗೂ ಒಸಡಿಗೂ ನಡುವಿನ ಸಂದುಗಳು ಆಳವಾಗಿಯೇ ಉಳಿದಿದ್ದರೆ ಮಾತ್ರ ಶಸ್ತ್ರಕ್ರಿಯೆಯ ಮಾತು ಬರುತ್ತದೆ.

ಕೆ.ಆರ್. ಪೇಟೆಯ ಹಿರಿಯರಿಗೆ ಒಂದು ಮಾತು. ಎರಡು ಹಲ್ಲು ಕೀಳಿಸಿದರೆ ಆ ಬದಿಯಲ್ಲಿ ಒಟ್ಟಾಗಿ ಮೂರು ಹಲ್ಲಿನ ಬಯಲಾಗುತ್ತದೆ, ಆಮೇಲೆ ಬ್ರಿಡ್ಜ್ ಕಟ್ಟಲು ಹಿಂದುಗಡೆ ಆಸರೆಯೇ ಇರುವುದಿಲ್ಲ. ಮುದ್ದೆಗೆ ಹಲ್ಲು ಬೇಡ ನಿಜ. ಆದರೆ ಸಕ್ಕರೆ ಕಾಯಿಲೆಯವರಿಗೆ ನಾವು ತಿನ್ನಿ ಎನ್ನುವ ಸೊಪ್ಪು, ಕಾಳು, ಹಸಿ ತರಕಾರಿಗಳಿಗೆ ಬೇಕು. ಹಾಗಿದ್ದರೂ ಉಳಿಸಲಾಗದಷ್ಟು ಕೆಟ್ಟ ಹಲ್ಲನ್ನು ಕೀಳಿಸುವುದು ಸೋಲೇನೂ ಅಲ್ಲ.

ಕಡ್ಡಿಪುಡಿ ಇಟ್ಟುಕೊಳ್ಳುವ ಕೆನ್ನೆಯ ಒಳಭಾಗದಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಮೊದಲಿನಷ್ಟು ತೆರೆಯಲಾಗದಿರುವುದು ಇವುಗಳಲ್ಲಿ ಯಾವುದಾದರೂ ಇದೆಯೇ ಎಂದು ಈ ನೆಪದಲ್ಲಿ ಪರೀಕ್ಷಿಸಿಕೊಳ್ಳಲು ತಾಯಿಯವರಿಗೆ ಹೇಳಿ. ಹಲ್ಲಿನ ಖರ್ಚಿಗಿಂತ ಅದು ಮುಖ್ಯ.

ಶ್ರೀರಂಗಪಟ್ಟಣದಿಂದ

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ದಂತ ಕಾಲೇಜಿನ ಅನುಭವವನ್ನು ಸೇರಿಸುತ್ತೇನೆ. ಮೈಸೂರಿನಲ್ಲಿ ಬನ್ನಿಮಂಟಪದ ಬಳಿಯ ಜೆಎಸ್‌ಎಸ್ ದಂತ ಕಾಲೇಜು ಮತ್ತು ತಿಲಕ್ ನಗರದ ಫರೂಕಿಯಾ ದಂತ ಕಾಲೇಜು ಎರಡೂ ಆಸ್ಪತ್ರೆಗಳನ್ನು ನಡೆಸುತ್ತವೆ. ನನ್ನ ಪತ್ನಿಗೆ ಅಂಥದ್ದೊಂದು ಕಾಲೇಜಿನಲ್ಲಿ ರೂಟ್ ಕೆನಾಲ್ ಮತ್ತು ಕ್ಯಾಪ್ ಎರಡನ್ನೂ ಮಾಡಿಸಿದೆವು; ಹೊರಗೆ ಕೇಳಿದ ಮೊತ್ತದ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ದರಗಳು ಆಗಾಗ ಬದಲಾಗುವುದರಿಂದ ನಾನು ಅಂಕಿ ಬರೆಯುವುದಿಲ್ಲ, ನೋಂದಣಿ ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ.

ವಿದ್ಯಾರ್ಥಿಗಳು ಕೈ ಹಾಕುತ್ತಾರಲ್ಲ ಎಂಬ ಅಳುಕು ನಮಗೂ ಇತ್ತು. ಅಲ್ಲಿನ ಕ್ರಮವೇನೆಂದರೆ, ಮೊದಲು ಹೊರರೋಗಿ ಚೀಟಿ ಮಾಡಿಸಿ ತಪಾಸಣಾ ವಿಭಾಗಕ್ಕೆ ಹೋಗಬೇಕು. ಅವರು ಬಾಯಿ ಪರೀಕ್ಷಿಸಿ, ಎಕ್ಸ್‌ರೇ ತೆಗೆಸಿ, ಯಾವ ಯಾವ ವಿಭಾಗಕ್ಕೆ ಹೋಗಬೇಕೆಂದು ಬರೆದುಕೊಡುತ್ತಾರೆ. ಸ್ವಚ್ಛಗೊಳಿಸುವುದು, ಸಿಮೆಂಟ್ ತುಂಬುವುದು, ಸುಲಭವಾಗಿ ಬರುವ ಹಲ್ಲನ್ನು ಕೀಳುವುದು ಇವೆಲ್ಲ ಬಿಡಿಎಸ್ ಓದುವವರ ಕೈಗೆ ಬರುತ್ತವೆ. ದವಡೆ ಹಲ್ಲಿನ ರೂಟ್ ಕೆನಾಲ್, ಬ್ರಿಡ್ಜ್ ಮುಂತಾದವುಗಳನ್ನು ಹೆಚ್ಚಾಗಿ ಎಂಡಿಎಸ್ ವ್ಯಾಸಂಗದಲ್ಲಿರುವವರು ಮಾಡುತ್ತಾರೆ. ಅವರು ಆಗಲೇ ದಂತವೈದ್ಯರಾಗಿ ನೋಂದಣಿಯಾದವರು, ಆ ವಿಷಯದಲ್ಲಿ ತಜ್ಞರಾಗಲು ಓದುತ್ತಿರುವವರು. ಹಂತ ಹಂತಕ್ಕೂ ಅಧ್ಯಾಪಕರು ಬಂದು ನೋಡಿ ಒಪ್ಪಬೇಕು. ಒಬ್ಬರು ನೋಡಿ ಸರಿಯಿಲ್ಲವೆಂದು ಮತ್ತೆ ತೆಗೆಸಿ ಮಾಡಿಸಿದ್ದನ್ನು ಕಂಡಮೇಲೆ ನನ್ನ ಅಳುಕು ಹೋಯಿತು, ಕುರ್ಚಿಯಲ್ಲಿದ್ದ ನನ್ನ ಪತ್ನಿಯ ತಾಳ್ಮೆಯೂ ಸ್ವಲ್ಪ ಹೋಯಿತೆನ್ನಿ.

ಅಲ್ಲಿ ಉಳಿಯುವ ಹಣಕ್ಕೆ ಬದಲಾಗಿ ಸಮಯವನ್ನು ತೆರಬೇಕಾಗುತ್ತದೆ. ಖಾಸಗಿಯವರು ಅರ್ಧ ಗಂಟೆಯಲ್ಲಿ ಮುಗಿಸುವುದಕ್ಕೆ ಅಲ್ಲಿ ಒಂದೂವರೆ ಗಂಟೆ ಬಾಯಿ ತೆರೆದು ಕೂರಬೇಕಾದೀತು, ಮತ್ತೆ ಮತ್ತೆ ಕರೆಸುತ್ತಾರೆ, ಪರೀಕ್ಷೆ ಮತ್ತು ರಜೆಯ ಕಾಲದಲ್ಲಿ ಕೆಲಸ ನಿಧಾನವಾಗುತ್ತದೆ. ದಿನಗೂಲಿಯವರಿಗೆ ಒಂದೊಂದು ಭೇಟಿಯೂ ಒಂದೊಂದು ದಿನದ ಕೂಲಿ ಎಂಬುದನ್ನು ಲೆಕ್ಕಕ್ಕೆ ಹಿಡಿಯದೆ ಕಾಲೇಜು ಅಗ್ಗವೆಂದು ಹೇಳುವುದು ಪೂರ್ತಿ ಸರಿಯಲ್ಲ. ನಿಮ್ಮ ತಾಯಿಯವರ ವಿಷಯದಲ್ಲಿ ಶಕ್ತಿ ಯೋಜನೆ ಇರುವುದರಿಂದ ಮಂಡ್ಯದಿಂದ ಮೈಸೂರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಹಣವಿಲ್ಲ, ಜೊತೆಗೆ ಹೋಗುವ ಗಂಡಸಿಗೆ ಮಾತ್ರ ಖರ್ಚು. ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೆ ತಲುಪಿ. ತಿಂಡಿ ಮತ್ತು ಸಕ್ಕರೆಯ ಮಾತ್ರೆ ಮುಗಿಸಿಕೊಂಡೇ ಹೋಗಿ, ಹಲ್ಲಿನ ಆಸ್ಪತ್ರೆಗೆಂದು ಖಾಲಿ ಹೊಟ್ಟೆಯಲ್ಲಿ ಕೂತು ತಲೆ ಸುತ್ತಿ ಬಂದವರನ್ನು ಅಲ್ಲಿ ನೋಡಿದ್ದೇನೆ. ಚಿಕಿತ್ಸೆ ಮಾಡುತ್ತಿರುವವರ ವ್ಯಾಸಂಗ ಯಾವಾಗ ಮುಗಿಯುತ್ತದೆಂದು ಮೊದಲೇ ಕೇಳಿಕೊಳ್ಳಿ. ನಡುವೆ ಅವರು ಹೊರಟುಹೋದರೆ ಇನ್ನೊಬ್ಬರಿಗೆ ವಹಿಸುತ್ತಾರೆ, ಆದರೆ ಆ ಹಸ್ತಾಂತರದಲ್ಲಿ ದಿನಗಳು ಕಳೆಯುತ್ತವೆ.

ಕೀಳಿಸುವುದು, ಸಣ್ಣ ಹುಳುಕು ತುಂಬಿಸುವುದು ಇಷ್ಟಕ್ಕೇ ಆದರೆ ಮೈಸೂರಿಗೆ ಬರುವ ಅಗತ್ಯವಿಲ್ಲ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೇ ದಂತ ವಿಭಾಗವಿದೆ.

ನಿವೃತ್ತ ವಿಮಾ ನೌಕರ, ಕುವೆಂಪುನಗರ

ಯೋಜನೆ ಮತ್ತು ಸಾಲದ ಕುರಿತು ಕೇಳಿದ್ದಕ್ಕೆ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ನಿಮ್ಮ ಪತ್ರದಲ್ಲಿ ನೀವೇ ಹೇಳಿಯೂ ಗಮನಿಸದೆ ಹೋದ ವಿಷಯವೊಂದಿದೆ: ನಿಮ್ಮ ತಮ್ಮನ ಸಂಬಳ. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳವಿರುವ ಕಾರ್ಖಾನೆ ನೌಕರರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ಅವರ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ವಂತಿಗೆ ಹೋಗುತ್ತದೆ. ಸಂಬಳದ ಚೀಟಿಯಲ್ಲಿ ಈ ಕಡಿತ ಇದೆಯೇ ಎಂದು ಇಂದೇ ನೋಡಲು ಹೇಳಿ. ನೌಕರನನ್ನು ಅವಲಂಬಿಸಿರುವ ತಂದೆ ತಾಯಿಯರೂ, ಅವರ ಸ್ವಂತ ಆದಾಯ ನಿಗದಿತ ಮಿತಿಯೊಳಗಿದ್ದರೆ, ಇಎಸ್‌ಐ ಚಿಕಿತ್ಸೆಗೆ ಅರ್ಹರು. ತಾಯಿಯ ಹೆಸರು ಕುಟುಂಬದ ವಿವರದಲ್ಲಿ ಸೇರಿರಬೇಕು. ಸೇರದಿದ್ದರೆ ಕಾರ್ಖಾನೆಯ ಸಿಬ್ಬಂದಿ ವಿಭಾಗದ ಮೂಲಕ ಆಧಾರ್ ಕೊಟ್ಟು ಸೇರಿಸಬಹುದು. ಮೈಸೂರಿನ ಇಎಸ್‌ಐ ಆಸ್ಪತ್ರೆ ಕೆಆರ್‌ಎಸ್ ರಸ್ತೆಯಲ್ಲಿದೆ, ಹೆಬ್ಬಾಳಕ್ಕೆ ದೂರವೇನಲ್ಲ. ಹಲ್ಲಿನ ಯಾವ ಯಾವ ಕೆಲಸ ಅಲ್ಲೇ ಆಗುತ್ತದೆ, ಯಾವುದಕ್ಕೆ ಬೇರೆಡೆಗೆ ಬರೆದುಕೊಡುತ್ತಾರೆ ಎಂಬುದನ್ನು ದಂತ ವಿಭಾಗದಲ್ಲಿ ನೇರವಾಗಿ ವಿಚಾರಿಸಿ. ಇಂಪ್ಲಾಂಟನ್ನು ಮಾತ್ರ ಅಲ್ಲಿಂದ ನಿರೀಕ್ಷಿಸಬೇಡಿ. ತಿಂಗಳು ತಿಂಗಳು ವಂತಿಗೆ ಕಟ್ಟುತ್ತಲೇ ಇದ್ದು, ಆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಕುಟುಂಬಗಳು ನಮ್ಮ ಬೀದಿಯಲ್ಲೇ ಇವೆ.

ಉಳಿದ ಕಾರ್ಡುಗಳಿಂದ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದ್ದರೂ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವಂಥ ಕಾಯಿಲೆಗಳಿಗೆ. ದವಡೆ ಮೂಳೆ ಮುರಿತ, ಸೀಳುತುಟಿಯಂಥ ಶಸ್ತ್ರಕ್ರಿಯೆಗಳು ಒಳಗೆ ಬರುತ್ತವೆಯೇ ಹೊರತು ಕ್ಯಾಪ್, ಬ್ರಿಡ್ಜ್ ಬರುವುದಿಲ್ಲ. ಸಹಕಾರಿ ಸಂಘಗಳ ಸದಸ್ಯರಿಗಿರುವ ಯಶಸ್ವಿನಿಯ ಕಥೆಯೂ ಅದೇ. ಖಾಸಗಿ ಆರೋಗ್ಯ ವಿಮೆಗಳಲ್ಲಿ ಅಪಘಾತದಿಂದಾದ ಗಾಯದ ಹೊರತು ಹಲ್ಲಿನ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೊರಗಿಡಲಾಗುತ್ತದೆ. ಹೊರರೋಗಿ ವೆಚ್ಚ ಸೇರಿಸಿದ ಪಾಲಿಸಿಗಳಿವೆ, ಆದರೆ ಅವುಗಳ ಕಾಯುವ ಅವಧಿ, ಮಿತಿ, ಹೆಚ್ಚುವರಿ ಪ್ರೀಮಿಯಂ ಮೂರನ್ನೂ ಕೂಡಿಸಿ ನೋಡಿದರೆ, ನೋವು ಶುರುವಾದ ಮೇಲೆ ಪಾಲಿಸಿ ಕೊಳ್ಳುವವರಿಗೆ ಲಾಭವಿಲ್ಲ. ಮೂವತ್ತು ವರ್ಷ ಆ ಕಚೇರಿಯಲ್ಲಿ ಕೂತವನ ಮಾತಿದು. ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ತಂದ ದಂತ ಭಾಗ್ಯ ಯೋಜನೆ ನಿಮ್ಮ ತಾಯಿಗಿಂತ ಕೆ.ಆರ್. ಪೇಟೆಯವರ ತಂದೆಗೆ ಹೊಂದುತ್ತದೆ. ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯಾಧಿಕಾರಿಯನ್ನು ಕೇಳಿದರೆ ಈಗಿನ ವಯೋಮಿತಿ ಮತ್ತು ಕ್ರಮ ತಿಳಿಯುತ್ತದೆ.

ಬಡ್ಡಿಯಿಲ್ಲದ ಕಂತಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಣಕಾಸು ಸಂಸ್ಥೆ ಯಾರಿಗೂ ಪುಕ್ಕಟೆ ಸಾಲ ಕೊಡುವುದಿಲ್ಲ. ಸಾಮಾನ್ಯವಾಗಿ ಚಿಕಿತ್ಸಾಲಯಕ್ಕೆ ಕೊಡುವ ಮೊತ್ತದಲ್ಲಿ ಒಂದಿಷ್ಟನ್ನು ಮುರಿದುಕೊಂಡು ತನ್ನ ಬಡ್ಡಿಯನ್ನು ಅಲ್ಲಿಯೇ ವಸೂಲು ಮಾಡಿಕೊಳ್ಳುತ್ತದೆ. ಹಾಗಾಗಿ ಕಂತಿನ ದರವನ್ನು ಕೇಳಿದ ಮೇಲೆ, ಇದನ್ನೇ ನಗದಾಗಿ ಕೊಟ್ಟರೆ ಎಷ್ಟು ಎಂದು ಎರಡನೆಯ ಪ್ರಶ್ನೆ ಕೇಳಿ. ಆ ಎರಡರ ವ್ಯತ್ಯಾಸವೇ ನಿಮ್ಮ ಬಡ್ಡಿ. ಸಂಸ್ಕರಣಾ ಶುಲ್ಕ ಬೇರೆ ಇರಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಎಲ್ಲ ಶುಲ್ಕವನ್ನೂ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶ ಪತ್ರವನ್ನು ಸಹಿಗೆ ಮೊದಲೇ ಕೊಡಬೇಕು, ಅದನ್ನು ಓದದೆ ಮೊಬೈಲಿನಲ್ಲಿ ಒಟಿಪಿ ಹೇಳಬೇಡಿ. ಇನ್ನೊಂದು ತೊಡಕೆಂದರೆ, ಸಂಸ್ಥೆಯು ಪೂರ್ತಿ ಹಣವನ್ನು ಚಿಕಿತ್ಸಾಲಯಕ್ಕೆ ಮೊದಲೇ ಕೊಟ್ಟಿರುತ್ತದೆ. ಇಂಪ್ಲಾಂಟಿನ ಹಂತದಲ್ಲಿ ಚಿಕಿತ್ಸೆ ನಿಂತರೂ ನಿಮ್ಮ ಕಂತು ನಿಲ್ಲುವುದಿಲ್ಲ, ಒಂದು ತಿಂಗಳು ತಪ್ಪಿದರೆ ದಂಡ, ಕ್ರೆಡಿಟ್ ಸ್ಕೋರಿಗೂ ಪೆಟ್ಟು. ಸಂಬಳ ಯಾವಾಗ ಬರುತ್ತದೆಂದು ತಿಳಿಯದವರು ತಿಂಗಳ ಇಂಥ ತಾರೀಖಿಗೆ ಕಡಿತವಾಗುವ ಕಂತಿಗೆ ಒಪ್ಪುವುದು ನನಗೆ ಸರಿ ಕಾಣುವುದಿಲ್ಲ.

ಹಲ್ಲಿನ ಕೆಲಸ ಹೇಗೂ ವಾರಗಟ್ಟಲೆ ನಡೆಯುವುದರಿಂದ, ರೂಟ್ ಕೆನಾಲ್ ಆದಾಗ ಅದರ ಹಣ, ಅಳತೆ ತೆಗೆದಾಗ ಬ್ರಿಡ್ಜಿನ ಅರ್ಧ, ಕೂರಿಸಿದಾಗ ಉಳಿದರ್ಧ ಎಂದು ವೈದ್ಯರೊಂದಿಗೇ ಮಾತನಾಡಿಕೊಂಡರೆ ನಡುವೆ ಮೂರನೆಯವರೇ ಬೇಡ. ಊರಿನ ಚಿಕಿತ್ಸಾಲಯಗಳಲ್ಲಿ ಹಲವರು ಇದಕ್ಕೆ ಒಪ್ಪುತ್ತಾರೆ. ಆಮೇಲೂ ಕೊರತೆ ಬಿದ್ದರೆ ಒಂದು ಬಳೆಯನ್ನು ಬ್ಯಾಂಕಿನಲ್ಲಿಯೋ ಸಹಕಾರ ಸಂಘದಲ್ಲಿಯೋ ಇಟ್ಟು ಪಡೆಯುವ ಚಿನ್ನದ ಸಾಲದ ಬಡ್ಡಿ, ಆಧಾರವಿಲ್ಲದ ಸಾಲಕ್ಕಿಂತ ಸಾಮಾನ್ಯವಾಗಿ ಕಡಿಮೆಯೇ. ಅಮ್ಮನವರಿಗೆ ಇದನ್ನು ಹೇಳುವ ಧೈರ್ಯ ನಿಮ್ಮದು.

ಬಿಲ್ಲಿನ ವಿಷಯದಲ್ಲಿ ಎರಡು ಮಾತು. ಚಿಕಿತ್ಸೆಗೆಂದು ಮಾಡುವ ಹಲ್ಲಿನ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ರೂಟ್ ಕೆನಾಲ್ ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಕಾರಣ ಕೇಳಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಅಧಿನಿಯಮದಂತೆ ಚಿಕಿತ್ಸಾಲಯಗಳು ನೋಂದಣಿಯಾಗಿರಬೇಕು, ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು. ಜಗಳಕ್ಕಲ್ಲ, ಎರಡು ಮೂರು ಕಡೆ ಹೋಲಿಸಿ ನೋಡಲು ಇದು ಉಪಯುಕ್ತ.

ಗುತ್ತಲು ರಸ್ತೆ, ಮಂಡ್ಯ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ತಮ್ಮನ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆ, ಆದರೆ ಕುಟುಂಬದ ವಿವರದಲ್ಲಿ ಅಮ್ಮನ ಹೆಸರಿಲ್ಲ. ಸೇರಿಸಲು ಅರ್ಜಿ ಕೊಟ್ಟಿದ್ದಾನೆ. ನಮ್ಮ ವೈದ್ಯರನ್ನು ಬ್ರಿಡ್ಜ್ ಬಗ್ಗೆ ಕೇಳಿದೆ. ಹಿಂದಿನ ಹಲ್ಲು ಸ್ವಲ್ಪ ವಾಲಿದೆ, ಆದರೂ ಒಸಡು ಸುಧಾರಿಸಿದರೆ ಬ್ರಿಡ್ಜ್ ಸಾಧ್ಯ, ಇಂಪ್ಲಾಂಟ್ ಹೆಚ್ಚು ಬಾಳಿಕೆ ಬರುತ್ತದೆಂಬ ಅಭಿಪ್ರಾಯದಿಂದ ಅದನ್ನು ಮೊದಲು ಹೇಳಿದ್ದಾಗಿ ತಿಳಿಸಿದರು. ಲೋಹದ ಮೇಲೆ ಪಿಂಗಾಣಿಯದಾದರೆ ಒಂದು ಹಲ್ಲಿಗೆ 5,000 ರೂಪಾಯಿಯಂತೆ ಮೂರಕ್ಕೆ 15,000 ಎಂದರು, ಹಂತ ಹಂತವಾಗಿ ಕೊಡಲು ಒಪ್ಪಿದ್ದಾರೆ. ಅಮ್ಮನ ಎಚ್‌ಬಿಎ1ಸಿ 9.1 ಬಂದಿದೆ. ಕಡ್ಡಿಪುಡಿ ಬಿಡಬೇಕೆಂದು ಅವರೂ ಗದರಿದ್ದಾರೆ, ಕೆನ್ನೆಯ ಒಳಗೆ ಮಚ್ಚೆ ಇಲ್ಲವೆಂದು ನೋಡಿ ಹೇಳಿದರು.

ನನಗೆ ಉಳಿದಿರುವ ಪ್ರಶ್ನೆ ಇದು. ಇಎಸ್‌ಐ ಕಾಗದಪತ್ರಕ್ಕೆ ಎಷ್ಟು ದಿನ ಹಿಡಿಯುತ್ತದೋ ತಿಳಿಯದು. ಅಲ್ಲಿಯವರೆಗೆ ಆಂಟಿಬಯಾಟಿಕ್ ಮತ್ತು ನೋವಿನ ಮಾತ್ರೆಯಲ್ಲಿ ಕಾಲ ತಳ್ಳಬಹುದೇ? ರೂಟ್ ಕೆನಾಲ್ ಒಂದು ಕಡೆ ಮಾಡಿಸಿ ಬ್ರಿಡ್ಜನ್ನು ಇನ್ನೊಂದು ಕಡೆ ಕಟ್ಟಿಸಿದರೆ ತೊಂದರೆಯೇ?

ದಂತವೈದ್ಯೆ, ಮೈಸೂರು

ಮಾತ್ರೆಯಲ್ಲಿ ಕಾಲ ತಳ್ಳುವುದು ಬೇಡ. ಆಂಟಿಬಯಾಟಿಕ್ ಸೋಂಕಿನ ಹರಡುವಿಕೆಯನ್ನು ತಡೆದು ನೋವನ್ನು ಇಳಿಸೀತು. ಆದರೆ ಬೇರಿನೊಳಗೆ ಸತ್ತ ನರಕ್ಕೆ ರಕ್ತವೇ ಹರಿಯದಿರುವುದರಿಂದ ಔಷಧ ಅಲ್ಲಿಗೆ ತಲುಪುವುದಿಲ್ಲ, ಮಾತ್ರೆ ನಿಂತ ಕೆಲವು ದಿನಗಳಲ್ಲಿ ಮತ್ತೆ ಕೀವು ಕಟ್ಟುತ್ತದೆ. ಎಚ್‌ಬಿಎ1ಸಿ 9.1ರಷ್ಟು ಹೆಚ್ಚಿರುವವರಲ್ಲಿ ಇದು ಇನ್ನೂ ಬೇಗ. ಹಾಗೆಂದು ಇಡೀ ಖರ್ಚನ್ನು ಈಗಲೇ ಹೊರಬೇಕಾಗಿಲ್ಲ. ಎರಡೂ ಹಲ್ಲುಗಳನ್ನು ತೆರೆದು, ನಾಳಗಳನ್ನು ಶುಚಿಗೊಳಿಸಿ, ಒಳಗೆ ಔಷಧವಿಟ್ಟು ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚುವಷ್ಟನ್ನು ಮಾತ್ರ ಈ ವಾರವೇ ಮಾಡಿಸಿ. ಆ ಹಂತದ ಹಣವಷ್ಟನ್ನೇ ತೆಗೆದುಕೊಳ್ಳಲು ನಿಮ್ಮ ವೈದ್ಯರನ್ನು ಕೇಳಿ. ಅಲ್ಲಿಂದ ಮುಂದಿನ ಭಾಗವನ್ನು ಇಎಸ್‌ಐ ಆಸ್ಪತ್ರೆಯಲ್ಲೋ ಕಾಲೇಜಿನಲ್ಲೋ ಮುಗಿಸಲು ಕೆಲವು ವಾರಗಳ ಅವಕಾಶ ಸಿಗುತ್ತದೆ. ತಾತ್ಕಾಲಿಕ ಸಿಮೆಂಟ್ ಉದುರಿದರೆ ಮಾತ್ರ ತಡ ಮಾಡದೆ ಮತ್ತೆ ಮುಚ್ಚಿಸಿಕೊಳ್ಳಬೇಕು, ಎಂಜಲು ಒಳಗಿಳಿದರೆ ಮಾಡಿದ ಕೆಲಸ ವ್ಯರ್ಥ.

ರೂಟ್ ಕೆನಾಲ್ ಒಂದೆಡೆ, ಬ್ರಿಡ್ಜ್ ಒಂದೆಡೆ ಮಾಡಿಸಲು ಅಡ್ಡಿಯಿಲ್ಲ. ನಾಳ ತುಂಬಿದ ಮೇಲಿನ ಎಕ್ಸ್‌ರೇಯನ್ನು ಕೇಳಿ ಪಡೆದುಕೊಳ್ಳಿ, ಅದಿಲ್ಲದೆ ಯಾವ ವೈದ್ಯರೂ ಇನ್ನೊಬ್ಬರು ಮಾಡಿದ ಬೇರಿನ ಮೇಲೆ ಧೈರ್ಯವಾಗಿ ಬ್ರಿಡ್ಜ್ ಕೂರಿಸುವುದಿಲ್ಲ. ಒಸಡಿನ ಶುಚಿ ಮತ್ತು ಸಕ್ಕರೆಯ ಹತೋಟಿಗೆ ಸಮಯ ಬೇಕಾಗುವುದರಿಂದ ಬ್ರಿಡ್ಜನ್ನು ಹೇಗೂ ಒಂದೂವರೆ ಎರಡು ತಿಂಗಳ ನಂತರವೇ ಕಟ್ಟಿಸಬೇಕಾಗುತ್ತದೆ. ಆ 15,000 ರೂಪಾಯಿಯನ್ನು ಕೂಡಿಸಿಕೊಳ್ಳಲು ಅದೇ ನಿಮ್ಮ ಅವಧಿ. ಅಷ್ಟು ದಿನ ಆ ಬದಿಯಲ್ಲಿ ಗಟ್ಟಿಯಾದದ್ದನ್ನು, ವಿಶೇಷವಾಗಿ ಅಡಿಕೆಯನ್ನು, ಅಗಿಯಬಾರದು.

ಕೆನ್ನೆ ಅಥವಾ ಗದ್ದದ ಕೆಳಗೆ ಊತ ಕಾಣಿಸಿಕೊಂಡು ಜ್ವರ ಬಂದರೆ, ನುಂಗಲು ಅಥವಾ ಬಾಯಿ ತೆರೆಯಲು ಕಷ್ಟವಾದರೆ, ಉಸಿರಿಗೆ ತೊಡಕಾದರೆ ದರ, ಯೋಜನೆ ಎಂದು ನೋಡುತ್ತ ಕೂರದೆ ರಾತ್ರಿಯಾದರೂ ಸರಿ, ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಕೆ.ಆರ್. ಪೇಟೆ ರೈತ

ಮೇಡಂ, ತಂದೆಯವರನ್ನು ಸೆಟ್ಟಿನ ವಿಚಾರಕ್ಕೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಕೆಳಗಿನ ಸಾಲಿನಲ್ಲಿ ಇನ್ನೂ ಎರಡು ಬೇರು ಉಳಿದುಕೊಂಡಿವೆ, ನೋವೇನೂ ಇಲ್ಲ. ಅವನ್ನು ಮೊದಲು ಕೀಳಿಸಬೇಕೇ?

ದಂತವೈದ್ಯೆ, ಮೈಸೂರು

ನೀವಾಗಿಯೇ ಮೊದಲು ಕೀಳಿಸಬೇಡಿ. ಆ ಬೇರುಗಳು ಅಲುಗಾಡದೆ ಗಟ್ಟಿಯಾಗಿದ್ದು, ಅವುಗಳ ಸುತ್ತ ಕೀವಿಲ್ಲವೆಂದಾದರೆ, ಅವುಗಳಿಗೆ ಚಿಕಿತ್ಸೆ ಮಾಡಿ ಅವುಗಳ ಮೇಲೆಯೇ ಸೆಟ್ ಕೂರುವಂತೆ ಮಾಡಲು ಕೆಲವೊಮ್ಮೆ ಸಾಧ್ಯವಾಗುತ್ತದೆ. ಕೆಳಗಿನ ಸೆಟ್ ಸಡಿಲವಾಗುವುದೇ ಎಲ್ಲರ ದೂರಾಗಿರುವುದರಿಂದ ಅದು ಲಾಭವೇ. ಕೀಳಲೇಬೇಕಾಗಿ ಬಂದರೆ ಗಾಯ ಮಾಗಿ ಮೂಳೆ ಒಂದು ಹದಕ್ಕೆ ಬರುವವರೆಗೆ ಕೆಲವು ವಾರ ಬಿಟ್ಟು ಅಳತೆ ತೆಗೆಯುತ್ತಾರೆ. ಎಕ್ಸ್‌ರೇ ತೆಗೆಸಿದ ಮೇಲೆಯೇ ಅದನ್ನು ತೀರ್ಮಾನಿಸಲಿ.